ಹುಲ್ಲು ಹೊಡೆಯುವ ಯಂತ್ರದ ಡೆಕ್ಕಿಗೆ ಹಿಡಿಯುವ ತುಕ್ಕು



ಆಳುಗಳ ಅಭಾವ ಹೆಚ್ಚಿದಂತೆಲ್ಲ ಹುಲ್ಲು ಹೊಡೆಯುವ ಯಂತ್ರವು ಎರಡು ಮೂರು ಎಕರೆಯ ಬೆಳೆಗಾರನ ಮನೆಯಲ್ಲಿಯೂ ಕಾಣಬರುತ್ತಿದೆ. ಹೆಗಲಿಗೆ ತೂಗುಹಾಕಿಕೊಂಡು ಬೀಸುವ ಯಂತ್ರವೇ ಹೆಚ್ಚಿನವರಲ್ಲಿರುವುದು. ಆದರೆ ಸಮತಟ್ಟಾದ ಅಡಿಕೆ ತೋಟವಿರುವವರು, ಅಂಗಳ ಮತ್ತು ಕಣ ವಿಶಾಲವಾಗಿರುವವರು, ಕೆಲವು ಕಡೆ ಅಣ್ಣತಮ್ಮಂದಿರು ಸೇರಿಕೊಂಡು, ನಾಲ್ಕು ಚಕ್ರದ ಮೇಲೆ ತಳ್ಳಿಕೊಂಡು ಹೋಗುವ ಯಂತ್ರವನ್ನೂ ತಂದಿದ್ದಾರೆ. ಈ ತಳ್ಳುವ ಯಂತ್ರದ ಬಗ್ಗೆ ಸಂಘದ ಕಚೇರಿಗೆ ಬರುವ ದೂರು ಹೆಚ್ಚುಕಡಿಮೆ ಒಂದೇ ಮಾತಿನದು: "ಎಂಜಿನ್ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ, ಆದರೆ ತಳ ಹಪ್ಪಳದಂತೆ ಉದುರುತ್ತಿದೆ." ಮಾರಿದವರನ್ನು ಕೇಳಿದರೆ ತುಕ್ಕು ವಾರಂಟಿಯಲ್ಲಿ ಬರುವುದಿಲ್ಲ ಎನ್ನುತ್ತಾರೆ. ಹಲವು ಮಾದರಿಗಳಿಗೆ ಡೆಕ್ಕನ್ನು ಬಿಡಿಭಾಗವಾಗಿ ಪಡೆಯುವುದೂ ಸುಲಭವಲ್ಲ. ಹೀಗಾಗಿ ಇನ್ನೂ ಆರೇಳು ವರ್ಷ ದುಡಿಯಬೇಕಾಗಿದ್ದ ಎಂಜಿನ್ನು ತಳವಿಲ್ಲದೆ ಮೂಲೆ ಸೇರುತ್ತದೆ. ಸಾಲ ಮಾಡಿ ತಂದ ಯಂತ್ರವಾದರೆ ಕಂತು ಮುಗಿಯುವ ಮೊದಲೇ ಈ ಗತಿ.

ಡೆಕ್ಕು ಎಂದರೆ ಎಂಜಿನ್ನಿನ ಕೆಳಗೆ, ಬ್ಲೇಡಿನ ಮೇಲೆ, ಬೋರಲು ಹಾಕಿದ ಬಾಣಲೆಯಂತೆ ಇರುವ ಹೊದಿಕೆ. ಚಕ್ರ, ಹಿಡಿಕೆ, ಎಂಜಿನ್ನು ಎಲ್ಲವೂ ಕೂತಿರುವುದು ಇದರ ಮೇಲೆಯೇ. ಅಲ್ಯೂಮಿನಿಯಂ ಎರಕದ ಡೆಕ್ಕುಗಳೂ, ಗಟ್ಟಿ ಪ್ಲಾಸ್ಟಿಕ್ಕಿನವೂ ಇವೆ. ನಮ್ಮಲ್ಲಿ ಸಾಮಾನ್ಯವಾದದ್ದು ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡಿದ್ದು, ದಪ್ಪ ಸುಮಾರು ಎರಡು ಮಿ.ಮೀ. ಇಂಗ್ಲೆಂಡಿನ ಗ್ಲೌಸ್ಟರ್‌ಶೈರಿನ ಎಡ್ವಿನ್ ಬಡ್ಡಿಂಗ್ ಎಂಬಾತ 1830ರಲ್ಲಿ ಹುಲ್ಲು ಕತ್ತರಿಸುವ ಮೊದಲ ಯಂತ್ರಕ್ಕೆ ಪೇಟೆಂಟ್ ಪಡೆದಾಗ ಅದಕ್ಕೆ ಡೆಕ್ಕೇ ಇರಲಿಲ್ಲ. ಬಟ್ಟೆಯ ಮೇಲಿನ ನಯವನ್ನು ಕತ್ತರಿಸುವ ಗಿರಣಿ ಯಂತ್ರವನ್ನು ನೋಡಿ ಮಾಡಿದ ಉರುಳೆಯ ಯಂತ್ರ ಅದು, ಕತ್ತರಿಯಂತೆ ಕತ್ತರಿಸುತ್ತಿತ್ತು. ಗರಗರನೆ ಮಟ್ಟಸವಾಗಿ ತಿರುಗಿ ಹುಲ್ಲನ್ನು ಹೊಡೆದು ಉರುಳಿಸುವ ಬ್ಲೇಡು ಬಂದಮೇಲೆಯೇ ಅದರ ಮೇಲೊಂದು ಬಲವಾದ ಮುಚ್ಚಳ ಬೇಕಾಯಿತು.

ಆ ಮುಚ್ಚಳ ಏಕೆ ಬೇಕು ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 46 ಸೆಂ.ಮೀ. ಉದ್ದದ ಬ್ಲೇಡು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ತುದಿಯ ವೇಗ ಸೆಕೆಂಡಿಗೆ 72 ಮೀಟರ್, ಅಂದರೆ ಗಂಟೆಗೆ 260 ಕಿ.ಮೀ. ಆ ವೇಗದಲ್ಲಿ ಒಂದು ಜಲ್ಲಿಕಲ್ಲು ಸಿಕ್ಕಿಬಿದ್ದರೆ ಅದನ್ನು ತಡೆಯುವುದು ಈ ಎರಡು ಮಿ.ಮೀ. ತಗಡು ಮಾತ್ರ. ತುಕ್ಕು ಹಿಡಿದು ಅದು ಅರ್ಧ ಮಿ.ಮೀ. ಆದರೆ, ಅಥವಾ ತೂತು ಬಿದ್ದರೆ, ಕಲ್ಲು ನೇರವಾಗಿ ಯಂತ್ರ ತಳ್ಳುವವನ ಮೊಣಕಾಲಿಗೋ ಪಕ್ಕದಲ್ಲಿ ಅಡಿಕೆ ಹೆಕ್ಕುತ್ತಿರುವ ಹೆಂಗಸಿನ ಮುಖಕ್ಕೋ ಬರುತ್ತದೆ. ಆದುದರಿಂದ ಇದನ್ನು ಯಂತ್ರದ ಅಂದಚೆಂದದ ಪ್ರಶ್ನೆಯೆಂದು ತಿಳಿಯಬಾರದು.

ತುಕ್ಕು ಹೇಗೆ ಹಿಡಿಯುತ್ತದೆ

ಕಬ್ಬಿಣ, ನೀರು, ಗಾಳಿಯ ಆಮ್ಲಜನಕ, ಈ ಮೂರೂ ಸೇರಿದಲ್ಲಿ ತುಕ್ಕು. ಗಾಳಿಯ ತೇವಾಂಶ ಶೇಕಡಾ 60ನ್ನು ದಾಟಿದರೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಲೋಹದ ಮೇಲೆ ಕೂತು ಕೆಲಸ ಆರಂಭವಾಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಮಲೆನಾಡಿನಲ್ಲಿ ತೇವಾಂಶ 60ಕ್ಕೆ ಇಳಿಯುವ ದಿನವನ್ನು ಹುಡುಕಬೇಕು. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯ ಮಾತಿರಲಿ, ಅದರ ಮೂರನೇ ಒಂದು ಪಾಲು ಬೀಳುವ ಊರಿನಲ್ಲೂ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೆ ಬೂಷ್ಟು ಬರುತ್ತದೆ.

ಆದರೂ ಬರೀ ಮಳೆಗೆ ಇಷ್ಟು ಬೇಗ ತಗಡು ತೂತಾಗುವುದಿಲ್ಲ. ಕೊಡಚಾದ್ರಿಯ ಮೇಲಿರುವ ಕಬ್ಬಿಣದ ಕಂಬವನ್ನು ನಮ್ಮಲ್ಲಿ ಅನೇಕರು ನೋಡಿದ್ದೀರಿ. ಅಷ್ಟು ಮಳೆಯಲ್ಲಿ ತಲೆಯೆತ್ತಿ ನಿಂತಿದೆ. ಹಳೆಯ ಕಾಲದ ಆ ಕಬ್ಬಿಣವೇ ಬೇರೆ, ಇಂದಿನ ತಗಡೇ ಬೇರೆ ಎಂಬುದು ನಿಜ. ಜೊತೆಗೆ ಇನ್ನೊಂದನ್ನೂ ಗಮನಿಸಬೇಕು: ಆ ಕಂಬದ ಮೇಲೆ ಬಿದ್ದ ನೀರು ಇಳಿದುಹೋಗುತ್ತದೆ, ಗಾಳಿ ಬಿಸಿಲು ಬಂದಾಗ ಒಣಗುತ್ತದೆ. ಡೆಕ್ಕಿನ ಒಳಮೈಯಲ್ಲಾದರೋ ಹಸಿ ಹುಲ್ಲಿನ ಚೂರು ಮಣ್ಣಿನೊಡನೆ ಕಲಸಿ ಸಗಣಿ ಸಾರಿಸಿದಂತೆ ಅಂಟಿಕೊಂಡು, ದಿನಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಹಸಿ ಹುಲ್ಲಿನಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ನೀರೇ. ಅದು ಕೊಳೆಯಲು ಹತ್ತಿದಾಗ ಹುಳಿ ವಾಸನೆ ಬರುತ್ತದಲ್ಲ, ಆ ಹುಳಿಯೇ ಆಮ್ಲ. ಆಮ್ಲ ಸೇರಿದ ನೀರು ಬರೀ ನೀರಿಗಿಂತ ಬೇಗ ಕಬ್ಬಿಣವನ್ನು ತಿನ್ನುತ್ತದೆ.

ಇನ್ನೂ ಒಂದು ಸೂಕ್ಷ್ಮ ಇದೆ. ಅಂಟಿದ ಮುದ್ದೆಯ ನಡುವಿಗೆ ಗಾಳಿ ಹೋಗುವುದಿಲ್ಲ, ಆದ್ದರಿಂದ ಅಲ್ಲಿ ತುಕ್ಕು ಹಿಡಿಯಲಾರದು ಎಂದು ಯಾರಿಗಾದರೂ ಅನಿಸಬಹುದು. ಆಗುವುದು ಇದಕ್ಕೆ ತೀರ ವಿರುದ್ಧ. ಒಂದೇ ತಗಡಿನ ಒಂದು ಭಾಗಕ್ಕೆ ಆಮ್ಲಜನಕ ಧಾರಾಳವಾಗಿ, ಇನ್ನೊಂದು ಭಾಗಕ್ಕೆ ಕಡಿಮೆಯಾಗಿ ಸಿಕ್ಕಿದರೆ ಎರಡರ ನಡುವೆ ಸಣ್ಣ ವಿದ್ಯುತ್ ಪ್ರವಾಹ ಹರಿಯುತ್ತದೆ, ಮತ್ತು ಕಬ್ಬಿಣ ಕರಗುವುದು ಆಮ್ಲಜನಕ ಕಡಿಮೆ ಇರುವ ಕಡೆಯೇ. ಗೇಟಿನ ಕಬ್ಬಿಣದ ಕಂಬವು ಮೇಲೆಲ್ಲ ಸರಿಯಾಗಿದ್ದು ಮಣ್ಣಿಗೆ ತಾಗುವ ಮಟ್ಟದಲ್ಲಿ ತಿಂದುಹೋಗಿರುವುದನ್ನು ನೋಡಿಲ್ಲದವರಿಲ್ಲ. ಡೆಕ್ಕಿನ ಒಳಗೆ ನಡೆಯುವುದೂ ಅದೇ. ಮುದ್ದೆ ಅಂಟಿದ ಜಾಗದ ನಡುವೆ ಗುಳಿ ಬೀಳುತ್ತದೆ, ಗುಳಿ ತೂತಾಗುತ್ತದೆ. ಹೀಗಾಗಿ ಇಡೀ ಡೆಕ್ಕು ಸವೆಯುವ ಮುಂಚೆಯೇ ಎರಡು ಮೂರು ಕಡೆ ಬೆರಳು ಹೋಗುವಷ್ಟು ತೂತು ಕಾಣಿಸುತ್ತದೆ.

ತಾಮ್ರದ ಕೊಪ್ಪರಿಗೆಗೆ ಹಿಡಿಯುವ ಕಿಲುಬು ಒಳಗಿನ ಲೋಹಕ್ಕೆ ಸ್ವಲ್ಪಮಟ್ಟಿಗೆ ರಕ್ಷಣೆಯಾಗುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣ ಇಲ್ಲ. ಅದು ಸ್ಪಂಜಿನಂತೆ ನೀರು ಹೀರಿಟ್ಟುಕೊಳ್ಳುತ್ತದೆ. ಅಲ್ಲದೆ ತುಕ್ಕಾದ ಕಬ್ಬಿಣವು ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಹಿಡಿಯುವುದರಿಂದ ಬಣ್ಣದ ಕೆಳಗೆ ಸೇರಿಕೊಂಡರೆ ಅದನ್ನು ಗುಳ್ಳೆಯಂತೆ ಎಬ್ಬಿಸುತ್ತದೆ. ಕಾರ್ಖಾನೆಯಲ್ಲಿ ಹಾಕಿದ ಬಣ್ಣ ಎಷ್ಟೇ ಗಟ್ಟಿಯಿರಲಿ, ಮುರಕಲ್ಲಿನ ಚೂರು ತಾಗಿ ಒಂದು ಗೆರೆ ಬಿದ್ದರೆ ನೀರಿಗೆ ದಾರಿಯಾಯಿತು.

ತೋಟದಲ್ಲಿರುವ ಇನ್ನೆರಡು ಶತ್ರುಗಳು

ಮೊದಲನೆಯದು ಗೊಬ್ಬರ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ತಮಗೆಲ್ಲ ಬಾಯಿಪಾಠ. ಈ 140 ಗ್ರಾಂ ಪೊಟ್ಯಾಷನ್ನು ಮ್ಯುರಿಯೇಟ್ ರೂಪದಲ್ಲಿ ಕೊಟ್ಟರೆ ಸುಮಾರು 230 ಗ್ರಾಂ ಬೇಕು, ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕ್ಲೋರೈಡು. ಅಡಿಗೆ ಉಪ್ಪಿನಲ್ಲಿರುವುದೂ ಅದೇ ಕ್ಲೋರೈಡು. ಸಮುದ್ರದ ಬದಿಯ ಮನೆಯಲ್ಲಿ ಕಿಟಕಿಯ ಸರಳು ಎಷ್ಟು ಬೇಗ ಹಾಳಾಗುತ್ತದೆಂದು ಮಂಗಳೂರು, ಕುಂದಾಪುರದ ಕಡೆಯ ನೆಂಟರನ್ನು ಕೇಳಿದರೆ ಹೇಳಿಯಾರು. ಗೊಬ್ಬರ ಹಾಕಿದ ವಾರದೊಳಗೆ ಅದೇ ಬುಡದಲ್ಲಿ ಹುಲ್ಲು ಹೊಡೆದರೆ, ಅಥವಾ ಗೊಬ್ಬರದ ಚೀಲಗಳ ಪಕ್ಕದಲ್ಲಿಯೇ ಯಂತ್ರವನ್ನು ಇಟ್ಟರೆ, ಆ ಉಪ್ಪು ಡೆಕ್ಕಿನ ಮೂಲೆಗಳಿಗೆ ಸೇರುತ್ತದೆ. ಹುಲ್ಲು ಮೊದಲು ಹೊಡೆದು ಗೊಬ್ಬರ ಆಮೇಲೆ ಹಾಕುವುದು ತೋಟಕ್ಕೂ ಒಳ್ಳೆಯದು, ಯಂತ್ರಕ್ಕೂ ಒಳ್ಳೆಯದು.

ಎರಡನೆಯದು ಮೈಲುತುತ್ತ. ಕೊಳೆರೋಗಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣ ಮಾಡುವಾಗ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸುವಾಗ, ಸುಣ್ಣ ಸಾಕಾಗಿದೆಯೇ ಎಂದು ತಿಳಿಯಲು ಚಾಕುವಿನ ಅಲಗನ್ನು ಅದ್ದಿ ನೋಡುತ್ತೇವೆ. ಅಲಗಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಆ ಕೆಂಪು ಏನೆಂದು ಯೋಚಿಸಿದ್ದೀರಾ? ಅದು ತಾಮ್ರ. ಅಷ್ಟು ತಾಮ್ರ ಕೂತಿತೆಂದರೆ ಹೆಚ್ಚುಕಡಿಮೆ ಅಷ್ಟೇ ಕಬ್ಬಿಣ ಅಲಗಿನಿಂದ ಬಿಟ್ಟುಹೋಯಿತು ಎಂದರ್ಥ. ಸುಣ್ಣ ಸರಿಯಾಗಿರುವ ದ್ರಾವಣದಿಂದ ಕಬ್ಬಿಣಕ್ಕೆ ಅಷ್ಟು ಭಯವಿಲ್ಲ. ಬರೀ ಮೈಲುತುತ್ತದ ನೀರು ಸಿಡಿದರೆ, ಅದರ ಪುಡಿ ಬಿದ್ದರೆ, ಡೆಕ್ಕಿನ ಮೇಲೂ ಚಾಕುವಿನ ಕಥೆಯೇ. ದ್ರಾವಣ ಕಲಸುವ ಚಪ್ಪರದಲ್ಲಿ ಹುಲ್ಲಿನ ಯಂತ್ರ ನಿಲ್ಲಿಸುವ ಪದ್ಧತಿ ಹಲವು ಮನೆಗಳಲ್ಲಿದೆ. ಅದನ್ನು ಇಂದೇ ಬದಲಿಸುವುದು ಲೇಸು.

ಹೊಡೆದ ದಿನವೇ ಶುಚಿ ಮಾಡುವುದು

ಹುಲ್ಲು ಹೊಡೆದು ಒಂದೆರಡು ಗಂಟೆಯೊಳಗೆ ಕೈ ಹಾಕಿದರೆ ಅಂಟಿದ್ದು ಬೆಣ್ಣೆಯಂತೆ ಬರುತ್ತದೆ. ಮೂರನೆಯ ದಿನಕ್ಕೆ ಉಳಿ ಬೇಕಾಗುತ್ತದೆ. ಉಳಿಯ ಜೊತೆಗೆ ಬಣ್ಣವೂ ಬರುತ್ತದೆ. ಕೆಲಸ ಮುಗಿದ ಮೇಲೆ ಹತ್ತು ನಿಮಿಷ ಎಂದು ಗೊತ್ತುಮಾಡಿಕೊಂಡರೆ ಅರ್ಧ ಸಮಸ್ಯೆ ಪರಿಹಾರವಾದಂತೆ. ಯಂತ್ರವನ್ನು ಕೂಲಿಗೆ ಬಂದವನು ನಡೆಸುವುದಾದರೆ ಈ ಹತ್ತು ನಿಮಿಷವನ್ನೂ ಕೂಲಿಯ ಲೆಕ್ಕದಲ್ಲಿ ಸೇರಿಸಿಯೇ ಮಾತಾಡಬೇಕು. ಸಂಜೆ ಆರಕ್ಕೆ ಮನೆಗೆ ಹೊರಟವನನ್ನು ಕರೆದು ತೊಳೆಯಲು ಹೇಳಿದರೆ ಹೇಗೆ ತೊಳೆದಾನು?

ಮೊಟ್ಟಮೊದಲು ಎಂಜಿನ್ ಆರಿಸಿ, ಅದು ತಣಿದ ಮೇಲೆ, ಪ್ಲಗ್ಗಿನ ವಯರನ್ನು ಕಿತ್ತು ದೂರ ಸರಿಸಿಡತಕ್ಕದ್ದು. ಬ್ಲೇಡನ್ನು ಕೈಯಿಂದ ತಿರುಗಿಸಿದಾಗ ಎಂಜಿನ್ನು ಒಂದು ಉಸಿರು ಕೊಟ್ಟರೆ ಬೆರಳು ಹೋಗುತ್ತದೆ. ಬ್ಯಾಟರಿಯ ಯಂತ್ರವಾದರೆ ಬ್ಯಾಟರಿಯನ್ನೇ ತೆಗೆದಿಡಬೇಕು. ಈ ಒಂದು ವಿಷಯದಲ್ಲಿ ಯಾವ ಅವಸರವೂ ಸಲ್ಲದು.

ನಂತರ ಯಂತ್ರವನ್ನು ಓರೆ ಮಾಡುವುದು. ಪೆಟ್ರೋಲ್ ಟ್ಯಾಂಕು ಖಾಲಿಯಿದ್ದರೆ ಅಥವಾ ಕಡಿಮೆ ಇದ್ದರೆ ಒಳ್ಳೆಯದು, ಕಾಕ್ ಇದ್ದರೆ ಮುಚ್ಚಬೇಕು. ಮುಂಭಾಗವನ್ನು ಎತ್ತಿ ಪ್ಲಗ್ಗು ಆಕಾಶ ನೋಡುವಂತೆ ಹಿಂದಕ್ಕೆ ವಾಲಿಸುವುದು ಸುರಕ್ಷಿತ. ಪಕ್ಕಕ್ಕೆ ಮಲಗಿಸುವುದೇ ಆದರೆ ಏರ್ ಫಿಲ್ಟರ್ ಮತ್ತು ಕಾರ್ಬ್ಯುರೇಟರ್ ಇರುವ ಬದಿ ಮೇಲೆ ಇರಬೇಕು. ತಪ್ಪು ಬದಿಗೆ ಮಲಗಿಸಿದರೆ ಎಂಜಿನ್ ಆಯಿಲ್ಲು ಫಿಲ್ಟರಿಗೂ ಸಿಲಿಂಡರಿಗೂ ಇಳಿದು, ಮರುದಿನ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಕಾರುತ್ತದೆ. ಮೆಕ್ಯಾನಿಕ್ಕಿಗೆ ಸುಲಭದ ಸಂಪಾದನೆ. ವಾಲಿಸಿದ ಯಂತ್ರಕ್ಕೆ ಗಟ್ಟಿಯಾದ ಮರದ ತುಂಡನ್ನು ಆಧಾರ ಕೊಡಬೇಕು, ಇನ್ನೊಬ್ಬರು ಕೈಯಲ್ಲಿ ಹಿಡಿದುಕೊಂಡರೆ ಸಾಲದು.

ಕೆರೆಯಲು ಕಬ್ಬಿಣದ ಸಾಧನ ಬೇಡ. ಅಡಿಕೆ ದಬ್ಬೆಯ ಒಂದು ತುಂಡನ್ನು ತುದಿಯಲ್ಲಿ ಓರೆಯಾಗಿ ಸವರಿಕೊಂಡರೆ ಇದಕ್ಕಿಂತ ಒಳ್ಳೆಯ ಸಾಧನ ಪೇಟೆಯಲ್ಲಿ ಸಿಗದು. ಬಣ್ಣಕ್ಕೆ ಗಾಯವಾಗುವುದಿಲ್ಲ, ಮೊಂಡಾದರೆ ಮತ್ತೊಂದು. ಉಳಿದ ಹಸಿರನ್ನು ತೆಂಗಿನ ಸಿಪ್ಪೆಯಿಂದ ತಿಕ್ಕಬಹುದು. ಗಮನವೆಲ್ಲ ಮೂಲೆಗಳ ಮೇಲಿರಲಿ: ಡೆಕ್ಕಿನ ಅಂಚು ಒಳಗೆ ಮಡಚಿರುವ ಜಾಗ, ಚಕ್ರದ ಬೋಲ್ಟುಗಳು ಒಳಗೆ ಬಂದಿರುವ ಕಡೆ, ಹುಲ್ಲು ಹೊರಬೀಳುವ ಬಾಯಿ, ಹಿಂದಿನ ರಬ್ಬರ್ ಪರದೆಯ ಸಂದು. ನಡುಭಾಗವನ್ನು ತಿರುಗುವ ಬ್ಲೇಡಿನ ಗಾಳಿಯೇ ಒಂದಿಷ್ಟು ಶುಚಿ ಮಾಡುತ್ತದೆ, ಮೂಲೆಗಳನ್ನು ಯಾರೂ ಕೇಳುವವರಿಲ್ಲ. ಹಾಗೆಯೇ ಡೆಕ್ಕಿನ ಮೇಲ್ಮೈ. ಎಂಜಿನ್ನಿನ ಬುಡದ ಸುತ್ತ ಒಣ ಹೊಟ್ಟು ಕೂತು ತೇವ ಹಿಡಿದಿಟ್ಟುಕೊಂಡು, ಮೇಲಿನಿಂದಲೂ ತುಕ್ಕು ಇಳಿಯುತ್ತದೆ. ಕೆಳಗಿನಿಂದ ಮಾತ್ರ ನೋಡುವವರಿಗೆ ಇದು ತಿಳಿಯುವುದೇ ಇಲ್ಲ.

ಪ್ರತಿ ಸಲವೂ ನೀರು ಹಾಕಬೇಕೇ ಎಂದು ಕೆಲವರು ಕೇಳಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಡಿಸೆಂಬರಿನ ಮೇಲೆ ಒಣ ಹುಲ್ಲು ಹೊಡೆದಾಗ ನೀರಿನ ಅಗತ್ಯವಿಲ್ಲ, ಕೆರೆದು ಬ್ರಷ್ಷಿನಿಂದ ಗುಡಿಸಿದರೆ ಸಾಕು. ಮಳೆಗಾಲದಲ್ಲಿ ಮಣ್ಣೂ ಅಂಟುವುದರಿಂದ ತೊಳೆಯಲೇಬೇಕು. ನಮ್ಮ ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ ಆಕ್ಸೈಡಿನದು, ತುಕ್ಕಿನ ದಾಯಾದಿ. ಹೀಗಾಗಿ ಮಣ್ಣು ಅಂಟಿದ ಡೆಕ್ಕಿನಲ್ಲಿ ತುಕ್ಕು ಎಲ್ಲಿ, ಮಣ್ಣು ಎಲ್ಲಿ ಎಂದು ಗುರುತಿಸಲಾಗದು. ತೊಳೆದ ಮೇಲೆಯೇ ನಿಜಸ್ಥಿತಿ ಕಾಣುವುದು. ಬಕೆಟ್ಟಿನ ನೀರು ಮತ್ತು ಕಡ್ಡಿ ಪೊರಕೆ, ಇಲ್ಲವೇ ಪೈಪಿನ ಸಾಧಾರಣ ನೀರು ಸಾಕು. ಜೀಪು ತೊಳೆಯುವ ಒತ್ತಡದ ಪಂಪನ್ನು ಇದಕ್ಕೆ ಹಿಡಿಯಬಾರದು. ಆ ನೀರು ಬ್ಲೇಡಿನ ಅಚ್ಚಿನ ಬೇರಿಂಗಿನೊಳಗೆ ನುಗ್ಗಿ ಗ್ರೀಸನ್ನು ತೊಳೆದುಹಾಕುತ್ತದೆ. ಕೆಲವು ಯಂತ್ರಗಳಲ್ಲಿ ಡೆಕ್ಕಿನ ಮೇಲೆ ಪೈಪು ಸಿಕ್ಕಿಸಿ, ಬ್ಲೇಡನ್ನು ತಿರುಗಿಸುತ್ತಲೇ ತೊಳೆಯುವ ಒಂದು ತೂತನ್ನು ಕೊಟ್ಟಿರುತ್ತಾರೆ. ಉಪಯೋಗವಿದೆ, ಆದರೆ ಮೂಲೆಗಳು ಹಾಗೆಯೇ ಉಳಿಯುತ್ತವೆ. ಅದನ್ನೇ ನಂಬಿ ಕೂರುವಂತಿಲ್ಲ.

ತೊಳೆದು ಹಾಗೆಯೇ ನೂಕಿಟ್ಟರೆ ತೊಳೆಯದಿರುವುದೇ ಮೇಲಾಗಿತ್ತು ಎನ್ನುವಂತಾಗುತ್ತದೆ. ಬಟ್ಟೆಯಿಂದ ಒರೆಸಿ, ಯಂತ್ರವನ್ನು ನೆಟ್ಟಗೆ ನಿಲ್ಲಿಸಿ, ಪ್ಲಗ್ ವಯರ್ ಹಾಕಿ, ಎರಡು ಮೂರು ನಿಮಿಷ ನೆಲ ಒಣಗಿರುವ ಕಡೆ ಓಡಿಸಬೇಕು. ಬ್ಲೇಡಿನ ಗಾಳಿಗೆ ಸಂದಿನ ನೀರು ಹಾರಿಹೋಗುತ್ತದೆ, ಎಂಜಿನ್ನಿನ ಬಿಸಿಗೆ ಮೇಲ್ಭಾಗ ಒಣಗುತ್ತದೆ.

ಹಿಡಿದ ತುಕ್ಕನ್ನು ತೆಗೆದು ಬಣ್ಣ ಹಾಕುವುದು

ಇದು ವರ್ಷಕ್ಕೊಮ್ಮೆಯ ಕೆಲಸ. ಸಮಯ ಜನವರಿಯಿಂದ ಮಾರ್ಚಿಯವರೆಗೆ, ಅಡಿಕೆ ಸುಲಿತ, ಕಾಫಿ ಕೊಯ್ಲು ಮುಗಿದು ಸ್ವಲ್ಪ ಉಸಿರಾಡುವ ಹೊತ್ತಿಗೆ. ಮಳೆಗಾಲದಲ್ಲಿ ಬಣ್ಣ ಹಾಕಿದರೆ ಹಣ ನೀರಿಗೆ ಹಾಕಿದಂತೆಯೇ. ತಗಡಿನ ಮೇಲೆ ಇಬ್ಬನಿಯ ಪೊರೆ ಇರುತ್ತದೆ, ಬಣ್ಣ ಆ ನೀರಿನ ಮೇಲೆ ಕೂರುತ್ತದೆ, ತಗಡಿನ ಮೇಲಲ್ಲ. ಬೇಸಗೆಯಲ್ಲೂ ಬೆಳಗಿನ ಮಂಜು ಆರಿ, ಹತ್ತು ಗಂಟೆ ಕಳೆದ ಮೇಲೆ ಬ್ರಷ್ಷು ಹಿಡಿಯುವುದು ಒಳ್ಳೆಯದು. ಜುಲೈಯಲ್ಲಿ ತುಕ್ಕು ಕಂಡರೆ ಕೆರೆದು, ಒರೆಸಿ, ಒಲೆಯ ಬಳಿ ಕಾಯಿಸಿದ ಬಟ್ಟೆಯಿಂದ ಚೆನ್ನಾಗಿ ಒಣಗಿಸಿ, ತೆಳುವಾಗಿ ಗ್ರೀಸು ಸವರಿ ಬೇಸಗೆಗಾಗಿ ಕಾಯಬೇಕು.

ಬ್ಲೇಡನ್ನು ಬಿಚ್ಚಿಯೇ ಈ ಕೆಲಸಕ್ಕೆ ಕೂರಬೇಕು. ಬ್ಲೇಡು ತಿರುಗದಂತೆ ಮರದ ತುಂಡು ಅಡ್ಡ ಕೊಟ್ಟು, ಕೈಗೆ ದಪ್ಪ ಗ್ಲೌಸ್ ಹಾಕಿ ಬೋಲ್ಟು ಬಿಚ್ಚುವುದು. ಯಾವ ಮುಖ ಕೆಳಗೆ ಇತ್ತು ಎಂದು ಗುರುತು ಮಾಡಿಟ್ಟುಕೊಳ್ಳಿ. ಬ್ಲೇಡನ್ನು ಮಸೆದ ಮೇಲೆ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ನೋಡಿ, ಒಂದು ಬದಿ ಇಳಿದರೆ ಆ ಬದಿಯನ್ನು ಇನ್ನಷ್ಟು ಮಸೆಯಬೇಕು. ತೂಕ ಸರಿಯಿಲ್ಲದ ಬ್ಲೇಡಿನ ನಡುಕಕ್ಕೆ ಡೆಕ್ಕಿನ ಬಣ್ಣವೂ ಬಿರಿಯುತ್ತದೆ, ಬೋಲ್ಟಿನ ತೂತುಗಳೂ ಸೀಳುತ್ತವೆ.

ಡೆಕ್ಕನ್ನು ಸುತ್ತಿಗೆಯ ಹಿಡಿಕೆಯಿಂದ ಅಲ್ಲಲ್ಲಿ ತಟ್ಟಿ ನೋಡಿರಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ತಿಂದುಹೋದದ್ದು ಮಡಕೆ ಒಡೆದಂತೆ ದಬ್ ಎನ್ನುತ್ತದೆ. ಅನುಮಾನವಿದ್ದಲ್ಲಿ ಮೊಳೆಯ ಮೊನೆಯಿಂದ ಒತ್ತಿದರೆ ಗೊತ್ತಾಗುತ್ತದೆ.

ತುಕ್ಕು ತಿಕ್ಕುವ ಮೊದಲು ಜಿಡ್ಡು ತೆಗೆಯಬೇಕು. ಇಲ್ಲವಾದರೆ ತಿಕ್ಕುವಾಗ ಜಿಡ್ಡು ಲೋಹದ ಗೀರುಗಳೊಳಗೆ ಸೇರಿ ಬಣ್ಣ ಹಿಡಿಯುವುದಿಲ್ಲ. ಸೀಮೆಎಣ್ಣೆ ಅಥವಾ ಡೀಸೆಲ್ಲಿನಿಂದ ಒರೆಸಿದರೆ ಅದರದೇ ಒಂದು ಜಿಡ್ಡು ಉಳಿಯುತ್ತದೆ. ಆಮೇಲೆ ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಕೊನೆಯಲ್ಲಿ ತಿನ್ನರ್ ಬಟ್ಟೆ ಆಡಿಸುವುದು ಸರಿಯಾದ ಕ್ರಮ. ಅನಂತರ ತಂತಿ ಬ್ರಷ್ಷು, ಸಡಿಲವಾದ ಹಕ್ಕಳೆಗೆ ಕೆರೆಯುವ ತಗಡು, ಆಮೇಲೆ 80ನೇ ನಂಬರಿನ ಎಮರಿ ಕಾಗದ, ಮತ್ತೆ 120ನೆಯದು. ಉಳಿದಿರುವ ಹಳೆಯ ಬಣ್ಣ ಗಟ್ಟಿಯಾಗಿದ್ದರೆ ಅದನ್ನು ಪೂರ್ತಿ ಕೀಳುವ ಅಗತ್ಯವಿಲ್ಲ, ಅದರ ಅಂಚನ್ನು ಮೆಟ್ಟಿಲಿಲ್ಲದಂತೆ ತಿಕ್ಕಿ ಇಳಿಜಾರು ಮಾಡಿದರಾಯಿತು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ.

ಎಷ್ಟು ತಿಕ್ಕಿದರೂ ಗುಳಿಗಳ ತಳದಲ್ಲಿ ಸ್ವಲ್ಪ ತುಕ್ಕು ಉಳಿಯುತ್ತದೆ. ಅದಕ್ಕೆ ಅಂಗಡಿಯಲ್ಲಿ ತುಕ್ಕು ಪರಿವರ್ತಕ ಎಂಬ ದ್ರವ ಸಿಗುತ್ತದೆ. ಒಂದು ಬಗೆಯದರಲ್ಲಿ ಫಾಸ್ಫಾರಿಕ್ ಆಮ್ಲವಿದ್ದು ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡಿಸುತ್ತದೆ. ಇನ್ನೊಂದು ಬಗೆಯದರಲ್ಲಿ ಟ್ಯಾನಿನ್ ಇದ್ದು ತುಕ್ಕನ್ನು ಕಪ್ಪಗಿನ ಗಟ್ಟಿ ಪೊರೆಯಾಗಿ ಮಾಡುತ್ತದೆ. ಈ ಎರಡನೆಯದು ಅಡಿಕೆಯವರಿಗೆ ಹೊಸದಲ್ಲ. ಹಸಿ ಅಡಿಕೆ ಸುಲಿದ ಕತ್ತಿಯೂ ಕೈಯೂ ಕಪ್ಪಾಗುವುದು, ಚೊಗರು ತಾಗಿದ ಕಬ್ಬಿಣ ಮಸಿಯಾಗುವುದು ಇದೇ ಟ್ಯಾನಿನ್ನಿನಿಂದ. ಹಾಗೆಂದು ಚೊಗರನ್ನೇ ಬಳಿದುಬಿಡೋಣ ಎಂದು ಹೊರಡುವುದು ಬೇಡ. ಚೊಗರಿನಲ್ಲಿ ಟ್ಯಾನಿನ್ನಿನ ಜೊತೆ ಬೇರೆ ಹಲವು ಪದಾರ್ಥಗಳಿವೆ, ಅದು ಒಣಗಿ ಬಿರಿದು ಉದುರುವಂಥದು, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಪರಿವರ್ತಕವನ್ನು ತೆಳುವಾದ, ಗಟ್ಟಿಯಾಗಿ ಹಿಡಿದ ತುಕ್ಕಿನ ಮೇಲೆ ಮಾತ್ರ ಹಚ್ಚಬೇಕು. ಹಕ್ಕಳೆಯ ಮೇಲೆ ಹಚ್ಚಿದರೆ ಹಕ್ಕಳೆಯೊಂದಿಗೇ ಬೀಳುತ್ತದೆ. ಕಕ್ಕಸು ತೊಳೆಯುವ ಆಸಿಡ್ಡನ್ನು ಹಾಕಿ ತುಕ್ಕು ತೆಗೆಯುವವರೂ ಇದ್ದಾರೆ. ಆ ಕ್ಷಣಕ್ಕೆ ತಗಡು ಬೆಳ್ಳಗೆ ಹೊಳೆಯುತ್ತದೆ. ಆದರೆ ಅದು ಹೈಡ್ರೋಕ್ಲೋರಿಕ್ ಆಮ್ಲ, ಗುಳಿಗಳಲ್ಲಿ ಕ್ಲೋರೈಡನ್ನು ಬಿಟ್ಟುಹೋಗುತ್ತದೆ, ಬಣ್ಣದ ಕೆಳಗೆ ಮೊದಲಿಗಿಂತ ಬೇಗ ತುಕ್ಕು ಏಳುತ್ತದೆ.

ಬೆಳ್ಳಗಾದ ತಗಡನ್ನು ರಾತ್ರಿ ಹಾಗೆಯೇ ಬಿಡಬಾರದು. ನಮ್ಮ ಗಾಳಿಯಲ್ಲಿ ಬೆಳಗಾಗುವಷ್ಟರಲ್ಲಿ ಅರಿಶಿನ ಬಣ್ಣದ ಪೊರೆ ಮೂಡಿರುತ್ತದೆ. ಅದೇ ದಿನ ಪ್ರೈಮರ್ ಬೀಳಬೇಕು. ರೆಡ್ ಆಕ್ಸೈಡ್ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಜಿಂಕ್ ಫಾಸ್ಫೇಟ್ ಪ್ರೈಮರ್ ಅದಕ್ಕಿಂತ ಉತ್ತಮ. ಹಳೆಯ ಸಿಂಧೂರದ ಬಣ್ಣ, ಅಂದರೆ ಸೀಸದ್ದು, ಮನೆಯಲ್ಲಿ ಉಳಿದಿದ್ದರೆ ಅದನ್ನು ಬಳಸಬೇಡಿ. ಬ್ಲೇಡಿನ ಹೊಡೆತಕ್ಕೆ ಪುಡಿಯಾಗಿ ಹುಲ್ಲಿನೊಂದಿಗೆ ದನದ ಹೊಟ್ಟೆ ಸೇರೀತು. ರೆಡ್ ಆಕ್ಸೈಡ್ ಒಂದೇ ಹಾಕಿ ಕೆಲಸ ಮುಗಿಯಿತು ಎನ್ನುವವರು ಬಹಳ. ಪ್ರೈಮರಿಗೆ ನೀರು ತಡೆಯುವ ಶಕ್ತಿ ಸಾಲದು, ಅದರ ಮೇಲೆ ಎನಾಮಲ್ ಬೀಳಲೇಬೇಕು. ಎರಡು ತೆಳು ಕೈ ಪ್ರೈಮರ್, ಎರಡು ತೆಳು ಕೈ ಎನಾಮಲ್, ನಡುವೆ ಒಂದೊಂದು ದಿನ. ಬಣ್ಣ ಒಣಗುವಾಗ ಚೂಪಾದ ಅಂಚುಗಳಿಂದ ಹಿಂದೆ ಸರಿಯುವುದರಿಂದ ಅಂಚು, ಬೋಲ್ಟಿನ ಸುತ್ತು, ಬೆಸುಗೆಯ ಗೆರೆಗಳಿಗೆ ಮೊದಲು ಒಂದು ಕೈ ಪ್ರತ್ಯೇಕವಾಗಿ ಹಾಕಿ ಆಮೇಲೆ ಇಡಿಯದಕ್ಕೆ ಹಾಕುವುದು ಅನುಭವಸ್ಥರ ಕ್ರಮ. ಬ್ಲೇಡು ಕೂರುವ ಮುಖಕ್ಕೂ ಬೋಲ್ಟಿನ ಮರೆಗಳಿಗೂ ಬಣ್ಣ ಬೀಳಬಾರದು. ಮುಗಿದ ಮೇಲೆ ಒಂದು ವಾರ ಯಂತ್ರಕ್ಕೆ ರಜೆ.

ಇಷ್ಟೆಲ್ಲ ಮಾಡಿದರೂ ಡೆಕ್ಕಿನ ಒಳಮೈಯಲ್ಲಿ, ಬ್ಲೇಡಿನ ತುದಿಯ ಎದುರಿಗೆ ಬರುವ ಪಟ್ಟಿಯಲ್ಲಿ, ಬಣ್ಣ ಒಂದು ಮಳೆಗಾಲ ನಿಂತರೆ ಅದೇ ಹೆಚ್ಚು. ಮರಳು, ಜಲ್ಲಿ ಅಷ್ಟು ವೇಗದಲ್ಲಿ ಬಡಿಯುವಾಗ ಯಾವ ಬಣ್ಣವೂ ಶಾಶ್ವತವಲ್ಲ. ಎರಡು ಡಬ್ಬಿ ಬೆರೆಸಿ ಹಾಕುವ ಎಪಾಕ್ಸಿ ಇನ್ನೂ ಗಟ್ಟಿ, ಬೆಲೆಯೂ ಗಟ್ಟಿ. ಪ್ರಮಾಣ ತಪ್ಪಿದರೆ ಒಣಗುವುದೇ ಇಲ್ಲ, ಬೆರೆಸಿದ್ದನ್ನು ಅಂದೇ ಮುಗಿಸಬೇಕು. ಸಣ್ಣ ಬೆಳೆಗಾರರಿಗೆ ಅಗ್ಗದ ಬಣ್ಣವನ್ನು ಪ್ರತಿ ವರ್ಷ ಸವೆದ ಕಡೆ ಹಾಕುವುದೇ ಲಾಭವೆಂದು ನನ್ನ ಲೆಕ್ಕ. ಕಾರಿನ ತಳಕ್ಕೆ ಹಾಕುವ ಡಾಂಬರಿನ ಲೇಪವನ್ನು ಹಲವರು ಹೊಗಳುತ್ತಾರೆ. ದಪ್ಪಗೆ ಕೂರುವುದು ನಿಜ. ಆದರೆ ಒಂದು ಕಡೆ ಎದ್ದರೆ ನೀರು ಒಳಗೆ ಸೇರಿ, ಹೊರಗೆ ಕಪ್ಪಗೆ ಚೆನ್ನಾಗಿಯೇ ಕಾಣುತ್ತಾ ಒಳಗೆ ತಗಡು ಕರಗುತ್ತಿರುತ್ತದೆ. ಕಾಣುವ ತುಕ್ಕಿಗಿಂತ ಕಾಣದ ತುಕ್ಕು ಅಪಾಯ.

ಎಣ್ಣೆ ಬಳಿಯುವ ವಿಚಾರ

ಗ್ಯಾರೇಜಿನಿಂದ ಸುಟ್ಟ ಆಯಿಲ್ ತಂದು ಬಳಿಯುವ ಪದ್ಧತಿ ಎಲ್ಲೆಲ್ಲೂ ಇದೆ. ಬಿಟ್ಟಿಯಾಗಿ ಸಿಗುತ್ತದೆ ಎಂಬುದೊಂದೇ ಅದರ ಗುಣ. ಎಂಜಿನ್ನಿನಲ್ಲಿ ಬೆಂದ ಆಯಿಲ್ಲಿನಲ್ಲಿ ಆಮ್ಲವೂ ಮಸಿಯೂ ಇರುತ್ತವೆ, ಚರ್ಮಕ್ಕೆ ಒಳ್ಳೆಯದಲ್ಲದ, ಕ್ಯಾನ್ಸರಿಗೆ ಕಾರಣವಾಗಬಲ್ಲ ಪದಾರ್ಥಗಳೂ ಇರುತ್ತವೆ. ಮುಂದಿನ ಸಲ ಹುಲ್ಲು ಹೊಡೆದಾಗ ಅದೆಲ್ಲ ಅಡಿಕೆ ಬುಡಕ್ಕೆ ಸಿಡಿಯುತ್ತದೆ, ಆ ಹುಲ್ಲನ್ನು ಕೊಟ್ಟಿಗೆಗೆ ಹಾಕುವವರೂ ಇದ್ದಾರೆ. ತೆಂಗಿನ ಎಣ್ಣೆ ಕೆಲವು ವಾರಗಳಲ್ಲಿ ಕಮಟುತ್ತದೆ, ಕಮಟಿದ ಎಣ್ಣೆಯಲ್ಲಿ ಆಮ್ಲ ಹೆಚ್ಚು. ಹುಲ್ಲು ಹೊಡೆಯುವ ತಿಂಗಳುಗಳಲ್ಲಿ ಡೆಕ್ಕಿಗೆ ಯಾವ ಎಣ್ಣೆಯೂ ಬೇಡ. ಎಣ್ಣೆಯ ಮೇಲೆ ಹುಲ್ಲಿನ ಪುಡಿ ಇನ್ನಷ್ಟು ಅಂಟುತ್ತದೆ. ಯಂತ್ರವನ್ನು ಎರಡು ಮೂರು ತಿಂಗಳು ಎತ್ತಿಡುವಾಗ ಮಾತ್ರ ಬಣ್ಣ ಹೋದ ಕಡೆ ಹೊಸ ಗ್ರೀಸನ್ನು ತೆಳುವಾಗಿ ಸವರಿದರೆ ಸಾಕು. ಅಗಸೆ ಎಣ್ಣೆ ಒಣಗಿ ಪೊರೆಗಟ್ಟುವುದರಿಂದ ಒಳ್ಳೆಯದೇ, ಆದರೆ ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಟ್ಟೆಯನ್ನು ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಅದ್ದಿಡಬೇಕು.

ನಿಲ್ಲಿಸುವ ಜಾಗ

ನಮ್ಮ ಹಿರಿಯರು ಕತ್ತಿ, ಕೊಡಲಿಗಳನ್ನು ಒಲೆಯ ಮೇಲಿನ ಅಟ್ಟದ ಸಂದಿಗೆ ಸಿಕ್ಕಿಸುತ್ತಿದ್ದುದು ಸುಮ್ಮನೆ ಅಲ್ಲ. ಬೆಚ್ಚಗಿನ ಗಾಳಿಯಲ್ಲಿ ತೇವಾಂಶ ಕಡಿಮೆ, ಹೊಗೆಯ ಜಿಡ್ಡೂ ಒಂದು ಲೇಪ. ಪೆಟ್ರೋಲ್ ಇರುವ ಯಂತ್ರವನ್ನು ಒಲೆಯ ಹತ್ತಿರಕ್ಕೂ ಅಡಿಕೆ ಬೇಯಿಸುವ ಕಡೆಗೂ ಒಯ್ಯಲಾಗದು ಎಂದು ಬೇರೆ ಹೇಳಬೇಕಾಗಿಲ್ಲ. ಮಣ್ಣು ನೆಲದಿಂದ ಎತ್ತರಕ್ಕೆ, ದಬ್ಬೆಯ ಅಥವಾ ಹಲಗೆಯ ಮೇಲೆ, ಕೆಳಗೆ ಗಾಳಿಯಾಡುವಂತೆ ನಿಲ್ಲಿಸಬೇಕು. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದರೆ ಒಳಗೇ ಬೆವರು ಕಟ್ಟುತ್ತದೆ. ಮೇಲೊಂದು ಗೋಣಿ ಹಾಕಿ ಬದಿಗಳನ್ನು ತೆರೆದಿಟ್ಟರಾಯಿತು. ಗೊಬ್ಬರ, ಉಪ್ಪು, ಬ್ಲೀಚಿಂಗ್ ಪೌಡರ್ ಇರುವ ಕೋಣೆ ಸರ್ವಥಾ ಬೇಡ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ಗಾಳಿಯ ನೀರನ್ನು ಹೀರುತ್ತದೆ. ಎತ್ತಿಡುವಾಗ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಖಾಲಿ ಮಾಡಿಡುವುದು ಉಚಿತ.

ತೂತು ಬಿದ್ದ ಮೇಲೆ

ಬೆರಳಗಲದ ತೂತನ್ನು ಎಂ-ಸೀಲ್, ಪುಟ್ಟಿಗಳಿಂದ ಮುಚ್ಚಿ ಬಣ್ಣ ಹಾಕಿ ತಂದವರನ್ನು ನೋಡಿದ್ದೇನೆ. ಕಲ್ಲು ಬಡಿದರೆ ಅದು ಕಾಗದಕ್ಕೆ ಸಮಾನ. ಸುತ್ತಲಿನ ತಗಡು ಗಟ್ಟಿಯಿದ್ದರೆ, ತಿಂದ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಎರಡು ಮಿ.ಮೀ. ತಗಡಿನ ತೇಪೆಯನ್ನು ಬೆಸೆಯಿಸಬಹುದು. ವೆಲ್ಡಿಂಗಿಗೆ ಒಯ್ಯುವ ಮುನ್ನ ಎಂಜಿನ್ನನ್ನೂ ಟ್ಯಾಂಕನ್ನೂ ಕಳಚಿ ಮನೆಯಲ್ಲೇ ಬಿಟ್ಟುಹೋಗಬೇಕು. ತೆಳುವಾದ ತಗಡಿನ ಮೇಲೆ ಕೈ ಕೂತ ವೆಲ್ಡರ್ ಬೇಕು, ಇಲ್ಲದಿದ್ದರೆ ಒಂದು ತೂತು ಮುಚ್ಚಲು ಹೋಗಿ ಮೂರಾಗುತ್ತದೆ. ಎಂಜಿನ್ ಕೂರುವ ಬೋಲ್ಟುಗಳ ಸುತ್ತ, ಅಥವಾ ಬ್ಲೇಡಿನ ಅಚ್ಚಿನ ಸುತ್ತ, ತುಕ್ಕು ತಿಂದಿದ್ದರೆ ಇಲ್ಲವೇ ಬಿರುಕು ಕಂಡರೆ ತೇಪೆಯ ಮಾತೇ ಬೇಡ. ಆ ಡೆಕ್ಕು ಗುಜರಿಗೆ. ಆ ಯಂತ್ರವನ್ನು ಕೂಲಿಯವನ ಕೈಗೆ ಕೊಡುವುದು ನ್ಯಾಯವೂ ಅಲ್ಲ.

ಹೆಗಲಿನ ಯಂತ್ರವಿರುವವರು ಬ್ಲೇಡಿನ ಹಿಂದಿನ ರಕ್ಷಣಾ ತಟ್ಟೆಯನ್ನು ಹಿಡಿದಿರುವ ಕಬ್ಬಿಣದ ಪಟ್ಟಿ ಮತ್ತು ಬೋಲ್ಟುಗಳನ್ನು ಇದೇ ರೀತಿ ನೋಡಿಕೊಳ್ಳಬೇಕು. ತಟ್ಟೆ ಪ್ಲಾಸ್ಟಿಕ್ಕಿನದಾದರೂ ಪಟ್ಟಿ ಮುರಿದರೆ ಅದು ಇದ್ದೂ ಇಲ್ಲದಂತೆ. ತಟ್ಟೆಯನ್ನೇ ಬಿಚ್ಚಿಟ್ಟು ಕೆಲಸ ಮಾಡುವ ಅಭ್ಯಾಸ ಕೆಲವರಲ್ಲಿದೆ, ಅದನ್ನು ಬಿಡಿಸಬೇಕು. ಕಾಫಿಯವರಿಗೆ ಒಂದು ಮಾತು: ಪಲ್ಪರಿನ ಚೌಕಟ್ಟಿಗೂ ಮೇಲೆ ಹೇಳಿದ ಕ್ರಮವೇ ಅನ್ವಯಿಸುತ್ತದೆ. ಹುದುಗಿದ ಲೋಳೆಯ ನೀರಿನ ಹುಳಿ ಹುಲ್ಲಿನದಕ್ಕಿಂತ ತೀಕ್ಷ್ಣ. ಪಲ್ಪಿಂಗ್ ಮುಗಿದ ರಾತ್ರಿಯೇ ಒಳ್ಳೆಯ ನೀರಿನಿಂದ ತೊಳೆಯದಿದ್ದರೆ ಬೆಳಗ್ಗೆ ಕಾಲುಗಳ ಬುಡದಲ್ಲಿ ಕೆಂಪು ಕಾಣುತ್ತದೆ.

ಬರುವ ಜನವರಿಯಲ್ಲಿ ರೆಡ್ ಆಕ್ಸೈಡ್ ಮತ್ತು ಜಿಂಕ್ ಫಾಸ್ಫೇಟ್ ಪ್ರೈಮರ್, ತಂತಿ ಬ್ರಷ್ಷು, ಎಮರಿ ಕಾಗದಗಳನ್ನು ಸಂಘದ ಮಾರಾಟ ವಿಭಾಗದಲ್ಲಿ ತರಿಸುವ ಆಲೋಚನೆ ಇದೆ. ಬೇಕಾದವರು ಡಿಸೆಂಬರ್ ಕೊನೆಯೊಳಗೆ ತಮ್ಮ ಸದಸ್ಯ ಸಂಖ್ಯೆಯೊಂದಿಗೆ ಗುಮಾಸ್ತರಲ್ಲಿ ಹೆಸರು ಬರೆಸಬೇಕಾಗಿ ವಿನಂತಿ. ಅರ್ಧ ಲೀಟರಿನ ಡಬ್ಬಿ ಒಂದು ಯಂತ್ರಕ್ಕೆ ಸಾಕಾಗಿ ಉಳಿಯುತ್ತದೆ, ನೆರೆಮನೆಯವರೊಂದಿಗೆ ಸೇರಿ ಒಂದನ್ನು ಕೊಂಡರೂ ನಡೆಯುತ್ತದೆ.